ಹೊಗೆಸೊಪ್ಪಿನ ಬ್ಯಾರನ್ನಿಗೆ ಇನ್ಶೂರೆನ್ಸ್

ಮಂಗಳಾರತಿ ತಟ್ಟೆ ನನ್ನ ಕೈಯಲ್ಲೇ ಇತ್ತು. ಆಯುಧಪೂಜೆಯ ಬೆಳಿಗ್ಗೆ, ಹತ್ತು ಗಂಟೆಯಾಗಿರಬೇಕು. ನನ್ನ ಹಿಂದೆ ಅತ್ತೆ ಗಂಟೆ ಬಾರಿಸುತ್ತಿದ್ದರು. ಎಡಕ್ಕೆ ನನ್ನ ಗಂಡ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದರು. ನಾನು ಬಗ್ಗಿ ತಟ್ಟೆಯನ್ನು ಕೆಳಗಿಳಿಸಿದೆ. ನಾನು ಮಾಡಿದ್ದು ಅಷ್ಟೇ. ಈಗಲೂ ಪಾತ್ರೆ ತೊಳೆಯುವಾಗ, ಹುಣಸೂರಿನ ಬಸ್ಸಿನಲ್ಲಿ ಕೂತಾಗ, ಯಾವ ಕಾರಣವೂ ಇಲ್ಲದೆ ನನ್ನ ಕೈ ಆ ತಟ್ಟೆಯನ್ನು ಮತ್ತೆ ಕೆಳಗಿಳಿಸುತ್ತದೆ.

ಇದು ನಡೆದದ್ದು ನಮ್ಮ ಮನೆಯ ಹಿತ್ತಲಲ್ಲಿ, ಹಳೆಯ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ. ಹುಣಸೂರಿನಿಂದ ಗಾವಡಗೆರೆ ಕಡೆ ಬಂದರೆ ಇಂಥ ಬ್ಯಾರನ್ನುಗಳು ಊರೂರಿಗೂ ಕಾಣುತ್ತವೆ. ಕಿಟಕಿಯಿಲ್ಲದ, ಎರಡಾಳೆತ್ತರದ ದಪ್ಪ ಗೋಡೆಯ ಕೋಣೆ. ಒಳಗೆ ಒಂದರ ಮೇಲೊಂದು ಐದು ಸಾಲು ಅಡ್ಡಮರಗಳು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅವುಗಳಿಗೆ ತೂಗುಬಿಟ್ಟು ಬೇಯಿಸುತ್ತಿದ್ದರು. ಹೊರಗೋಡೆಯಲ್ಲಿ ಒಲೆಬಾಯಿ. ಅದರ ಮುಂದೆ ಮೊಣಕಾಲಾಳದ ಒಂದು ಗುಂಡಿ, ಸೌದೆ ಹಾಕುವವರು ಕಾಲಿಳಿಬಿಟ್ಟು ಕೂರಲು. ಮಾವ ತೀರಿಕೊಂಡ ಮೇಲೆ ನಾವು ಹೊಗೆಸೊಪ್ಪು ಬಿಟ್ಟು ರಾಗಿ, ಜೋಳ, ಶುಂಠಿಗೆ ಬಂದೆವು. ಬ್ಯಾರನ್ನು ಖಾಲಿ ಬಿತ್ತು.

ನನ್ನ ಗಂಡ ಮೈಸೂರಿನ ಗ್ಯಾರೇಜೊಂದರಲ್ಲಿ ಹದಿನಾರು ವರ್ಷ ಜೀಪು ರಿಪೇರಿ ಮಾಡಿದವರು. ಊರಿಗೆ ಮರಳಿದಾಗ ಒಲೆಬಾಯಿಯ ಮುಂದಿನ ಜಾಗಕ್ಕೆ ಸುತ್ತ ತಗಡು ಹೊಡೆಸಿ, ಗೇಟು ಇಟ್ಟು ವರ್ಕ್‌ಶಾಪ್ ಮಾಡಿಕೊಂಡರು. ಬ್ಯಾರನ್ನಿನ ಒಳಗೆ ಅವರ ಬಿಡಿಭಾಗಗಳು. ಕೊಡಗಿನ ತೋಟಗಳಿಂದ, ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಿಂದ, ಕೆ.ಆರ್. ನಗರದ ಕಬ್ಬಿನ ಗದ್ದೆಗಳಿಂದ ಹಳೆಯ ಜೀಪುಗಳು ಇವರ ಹತ್ತಿರ ಬರುತ್ತವೆ. ಅಂಗಡಿಯಲ್ಲಿ ಎಂದೋ ಸಿಗುವುದು ನಿಂತುಹೋದ ಸಾಮಾನನ್ನು ಗುಜರಿಯಲ್ಲಿ ಹುಡುಕಿ ತಂದು, ಸೊಪ್ಪು ತೂಗಿಹಾಕುತ್ತಿದ್ದ ಅದೇ ಅಡ್ಡಮರಗಳಿಗೆ ಇವರು ತೂಗಿಹಾಕುತ್ತಾರೆ. ಕೆಳಸಾಲಿನಲ್ಲಿ ಭಾರದವು: ಆಕ್ಸಲ್, ಗೇರ್‌ಬಾಕ್ಸ್. ಮೇಲಕ್ಕೆ ಹೋದಂತೆ ಸೈಲೆನ್ಸರ್, ಸ್ಟೇರಿಂಗ್, ರಬ್ಬರ್ ಪೈಪು. ಮಾವನೂ ಹೀಗೇ, ಯಾವ ಸಾಲಿನಲ್ಲಿ ಯಾವ ಸೊಪ್ಪು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರಂತೆ.

ಒಲೆಗುಂಡಿಯನ್ನು ಮುಚ್ಚಿಬಿಡಬೇಕೆಂದು ಇವರಿಗೆ ಮೊದಲಿನಿಂದಲೂ ಇತ್ತು. ಅತ್ತೆ ಬಿಟ್ಟಿರಲಿಲ್ಲ.

"ವರ್ಸಾ ವರ್ಸಾ ಕೈ ಮುಗುದು ಬೆಂಕಿ ಆಕಿರೋ ಒಲೆ ಕಣ್ಲಾ ಅದು. ನಮ್ಗೆ ಅನ್ನ ಕೊಟ್ಟದೆ. ಅದ್ರ ಬಾಯ್ಗೆ ಮಣ್ಣಾಕ್ತೀಯಾ?"

ಅಲ್ಲಿಗೆ ಆ ಮಾತು ಮುಗಿದಿತ್ತು. ಹೊಗೆಸೊಪ್ಪಿನ ಕಾಲದಲ್ಲಿ ಮೊದಲ ಬೆಂಕಿ ಹಾಕುವ ದಿನ ಒಲೆಗೆ ಪೂಜೆಯಾಗುತ್ತಿತ್ತು. ಈಗ ಬೆಂಕಿ ಇಲ್ಲವಾದ್ದರಿಂದ ಅತ್ತೆ ಆ ಪೂಜೆಯನ್ನು ಆಯುಧಪೂಜೆಗೆ ಸೇರಿಸಿಬಿಟ್ಟಿದ್ದರು. ಆರತಿ ಮೊದಲು ಒಲೆಗೆ, ಆಮೇಲೆ ಸ್ಪ್ಯಾನರಿಗೆ, ಕೊನೆಗೆ ಜೀಪಿಗೆ.

ಆ ಬೆಳಿಗ್ಗೆ ಜಿನುಗು ಮಳೆ. ಸಾಮಾನು ತೊಳೆಯುವ ಕೆಲಸವನ್ನು ಇವರು ಅಂಗಳಕ್ಕೆ ತರದೆ ವರ್ಕ್‌ಶಾಪಿನ ಒಳಗೇ ಮಾಡಿದರು. ಜಿಡ್ಡು ಬಿಡಲಿ ಎಂದು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವುದು ವಾಡಿಕೆ. ಅರ್ಧಕ್ಕೆ ಕೊಯ್ದ ಎಣ್ಣೆ ಡಬ್ಬದ ತುಂಬ ಪೆಟ್ರೋಲು. ಇರಚಲು ಹೊಡೆಯುತ್ತದೆಂದು ಗೇಟನ್ನೂ ಮುಕ್ಕಾಲು ಎಳೆದಿದ್ದರು. ತೊಳೆದ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಡಬ್ಬವನ್ನು ಕಾಲಿಂದ ಒಲೆಗುಂಡಿಯ ಅಂಚಿಗೆ ತಳ್ಳಿದರು. ನಾನು ಕರ್ಪೂರ ಹಚ್ಚಿಕೊಂಡು ಬಂದೆ. ಎಲ್ಲರಿಗೂ ಪೆಟ್ರೋಲಿನ ವಾಸನೆ ಬರುತ್ತಿತ್ತು. ವರ್ಕ್‌ಶಾಪಿನಲ್ಲಿ ಅದು ಯಾವಾಗ ಬರುವುದಿಲ್ಲ?

ನಾನು ಬಿ.ಎಸ್ಸಿ. ಓದಿದವಳು. ಮದುವೆಯಾದ ಮೇಲೂ ಎಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಹಾಗಿದ್ದೂ ಉರಿಯುವ ಕರ್ಪೂರವನ್ನು ಆ ಕೋಣೆಯ ಅತಿ ತಗ್ಗಿನ ಜಾಗಕ್ಕೆ ಇಳಿಸಿದೆ, ಒಲೆಗೆ ಸರಿಯಾಗಿ ಕಾಣಲಿ ಎಂದು ಇನ್ನೂ ಸ್ವಲ್ಪ ಬಗ್ಗಿ.

ಭುಸ್ಸೆಂದು ಒಂದು ಸದ್ದು, ದೊಡ್ಡದೇನಲ್ಲ. ಗುಂಡಿಯ ತಳದಲ್ಲಿ ಯಾರೋ ನೀಲಿ ಬಟ್ಟೆ ಕೊಡವಿದಂತೆ ಕಂಡಿತು. ಆ ಬಟ್ಟೆ ಅಂಚು ಹತ್ತಿ ಬಂದು ನನ್ನ ಪಾದ ಮುಟ್ಟಿ, ಪಕ್ಕದ ಡಬ್ಬಕ್ಕೆ ಹಾರಿತು. ಡಬ್ಬ ಹಳದಿಯಾಗಿ ಎದ್ದಿತು. ಅದರಿಂದ ನಾಲ್ಕಡಿ ಆಚೆ, ಹೂವಿನ ಹಾರ ಹಾಕಿಕೊಂಡು ಗ್ಯಾಸ್ ಕಟಿಂಗಿನ ಎರಡು ಸಿಲಿಂಡರುಗಳು ನಿಂತಿದ್ದವು. ನಾನು ಅವನ್ನೇ ನೋಡುತ್ತ ನಿಂತುಬಿಟ್ಟೆ. ಓಡಬೇಕೆಂದು ತೋಚಲಿಲ್ಲ. ಹಿಂದೆ ಗಂಟೆಯ ಸದ್ದು ನಿಂತಿರಲಿಲ್ಲ. ಅತ್ತೆಗೂ ನಿಲ್ಲಿಸಬೇಕೆಂದು ತೋಚಿರಲಿಲ್ಲ.

ಇವರು ಒಂದು ಕೈಯಲ್ಲಿ ನನ್ನನ್ನು ಹಿಂದಕ್ಕೆ ಎಳೆದು ಬಿಸಾಕಿದರು. ಗೋಡೆಗೆ ಒರಗಿಸಿದ್ದ ಜೀಪಿನ ಬಾನೆಟ್ಟನ್ನು ಎತ್ತಿ ಡಬ್ಬದ ಮೇಲೆ ಕವುಚಿ ಹಾಕಿ, ಅದರ ಮೇಲೆ ಒದ್ದೆ ಗೋಣಿಚೀಲ ಎಸೆದರು. ಬೆಂಕಿ ಸುತ್ತಲಿಂದ ಎರಡು ಸಲ ನಾಲಗೆ ಚಾಚಿ ಒಳಗೇ ಸತ್ತಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನನ್ನ ಬಲಪಾದದ ಮೇಲೆ ಬೊಬ್ಬೆ, ಸೀರೆಯ ಅಂಚು ಒಂದು ಗೇಣು, ಇವರ ಮುಂಗೈಯ ಕೂದಲು, ಒಂದಿಷ್ಟು ಚೆಂಡುಹೂವು. ಹೋದದ್ದು ಇಷ್ಟೇ.

"ಬಾನೆಟ್‌ನ ಪೈಂಟ್ ಹೋಯ್ತು," ಎಂದರು ಇವರು. ಗೋಣಿಚೀಲವನ್ನು ಇನ್ನೂ ಕಾಲಿಂದ ಒತ್ತಿ ಹಿಡಿದಿದ್ದರು.

ಅತ್ತೆ ಗಂಟೆ ಕೆಳಗಿಟ್ಟು, "ಮೊದ್ಲು ಅವಳ ಕಾಲ್ ನೋಡ್ಲಾ. ಪೈಂಟ್ ಆಮೇಲೆ ಬಳ್ಕೊಳುವಂತೆ," ಎಂದರು.

ಊರಿಗೆ ನಾವು ಹೇಳಿದ್ದು ಕರ್ಪೂರ ಬಿದ್ದು ಹೂವು ಸುಟ್ಟಿತು ಎಂದು ಮಾತ್ರ.

ಬೊಬ್ಬೆ ಒಣಗುವ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ನಮ್ಮ ಅಡುಗೆಮನೆಯ ಗೋಡೆಗೂ ವರ್ಕ್‌ಶಾಪಿನ ತಗಡಿಗೂ ನಡುವೆ ಇರುವುದು ಒಂದು ಬಚ್ಚಲುಮನೆ. ಇನ್ನು ಮುಂದೆ ಅಲ್ಲಿ ಕೆಲಸ ನಡೆಯಬೇಕಾದರೆ ಯಾರಾದರೂ ತಿಳಿದವರು ಬಂದು ನೋಡಿ, ಇದು ಸರಿಯಾಗಿದೆ ಎಂದು ಒಪ್ಪಿ, ಸಾಮಾನಿಗೂ ಜಾಗಕ್ಕೂ ವಿಮೆ ಕೊಡಬೇಕು. ಕೊಡದಿದ್ದರೆ ಹುಣಸೂರು ಬೈಪಾಸಿನಲ್ಲಿ ಶೆಡ್ಡು ಹಿಡಿದು ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು.

"ಇಷ್ಟನ್ನೂ ಸಾಗ್ಸೋದಾ?" ಇವರು ಬ್ಯಾರನ್ನಿನ ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡಿದರು. "ಇದು ಇಲ್ಲಿಂದ ಇಳುದ್ರೆ ನಂಗೇ ಏನು ಎಲ್ಲದೆ ಅಂತ ಗೊತ್ತಾಗಲ್ಲ ಕಣೆ."

"ಹಾಗಾದ್ರೆ ವಿಮೆ ಸಿಗೋ ಹಾಗೆ ಮಾಡೋಣ."

"ಸಿಕ್ಕುದ್ರೆ ಇಲ್ಲೇ. ಸಿಗ್ಲಿಲ್ಲ ಅಂದ್ರೆ ನೀ ಏಳ್ದಂಗೆ," ಎಂದರು. ಇವರು ಮಾತು ಕೊಡುವುದು ಕಡಿಮೆ, ಕೊಟ್ಟರೆ ತಪ್ಪುವವರಲ್ಲ. ಹಾಗಾಗಿ ಆ ಕೋಣೆಯ ಹಣೆಬರಹ ಒಂದು ಅರ್ಜಿ ಫಾರಮ್ಮಿನ ಮೇಲೆ ನಿಂತಿತು.

ನಮ್ಮ ಟ್ರ್ಯಾಕ್ಟರಿಗೆ ವರ್ಷವರ್ಷ ಇನ್ಶೂರೆನ್ಸ್ ಮಾಡಿಸುತ್ತಿದ್ದ ಏಜೆಂಟರೇ ಬಂದರು. ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಜಗಲಿಯಲ್ಲಿ ಕೂತು, ಕಾಫಿ ಆರಿಸುತ್ತ ವಿವರಿಸಿದರು.

"ಮನೆ ಪಾಲಿಸೀಲಿ ಇದು ಬರಲ್ಲ ಕಣ್ರೀ ಮೇಡಂ. ಮನೆ ಅಂದ್ರೆ ಮಂಚ, ಬೀರು, ಟೀವಿ. ದುಡಿಮೆ ಸಾಮಾನು ಬ್ಯಾರೆ. ಅಣ್ಣನ ಟೂಲ್ಸು, ಆ ಬಿಡಿಭಾಗ, ಎಲ್ಲಾಕೂ ಬ್ಯಾರೆ ಪಾಲಿಸಿ ಆಗ್ಬೇಕು."

"ಇಷ್ಟು ದಿನ ಮನೆಗೆ ಮಾಡ್ಸಿದ್ವಲ್ಲ, ಅದರಲ್ಲೇ ಇದೆ ಅಂದ್ಕೊಂಡಿದ್ದೆ," ಎಂದೆ.

"ಎಲ್ರೂ ಅಂಗೇ ಅನ್ಕೊಂಡಿರ್ತಾರೆ. ಯಾರೂ ಕೇಳಲ್ಲ, ನಾನೂ ಏಳಲ್ಲ," ಎಂದು ಅವರೇ ನಕ್ಕರು.

ಫಾರಂ ತುಂಬುತ್ತ ಹೋದರು. ಗೋಡೆ ಎಂಥದ್ದು, ಚಾವಣಿ ಎಂಥದ್ದು, ಕರೆಂಟು ಹೇಗಿದೆ. ಸಾಮಾನಿನದೆಲ್ಲ ಒಂದು ಪಟ್ಟಿ ಮಾಡಿಕೊಡಿ ಎಂದರು. ಒಂದು ಪ್ರಶ್ನೆಗೆ ಬಂದಾಗ ಪೆನ್ನು ನಿಲ್ಲದೆ ಮುಂದಕ್ಕೆ ಓಡಿತು. ನಾನು ಬಗ್ಗಿ ನೋಡಿದೆ. ಈ ಜಾಗದಲ್ಲಿ ಹಿಂದೆ ಬೆಂಕಿ ಅಪಘಾತವಾಗಿದೆಯೇ ಎಂಬ ಪ್ರಶ್ನೆ. ಅವರು 'ಇಲ್ಲ'ಕ್ಕೆ ಗುರುತು ಹಾಕಿದ್ದರು.

"ಆಗಿದೆ," ಎಂದೆ.

ಏಜೆಂಟರು ಇವರ ಮುಖ ನೋಡಿದರು. ಇವರು ಅಂಗಳದ ಕೋಳಿ ನೋಡಿದರು.

"ಏನೋ ವಸಿ ಊವು ಸುಟ್ಟೋಯ್ತು ಅಂದ್ರು," ಎಂದರು ಏಜೆಂಟರು. "ಅದ್ನೆಲ್ಲಾ ಬೆಂಕಿ ಅಂತ ಬರೀತಾರಾ? ಆಗದೆ ಅಂತ ಬರುದ್ರೆ ಮೈಸೂರಿಂದ ಇಂಜಿನಿಯರ್ ಬತ್ತಾರೆ. ನೂರೆಂಟು ಕೇಳ್ತಾರೆ. ಬ್ಯಾಡ ಅಂದ್ರೂ ಅಂದ್ರೇ. ಇಲ್ಲ ಅಂತ ಬರ್ದು ಬುಡಿ, ಒಂದು ವಾರದಲ್ಲಿ ಪಾಲಿಸಿ ತಂದು ಕೈಗೆ ಕೊಡ್ತೀನಿ."

"ಬೇರೆ ಫಾರಂ ಇದ್ಯಾ?" ಎಂದು ಕೇಳಿದೆ.

ಅವರು ಹೋದ ಮೇಲೆ ಇವರು ಖಾಲಿ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತರು. ಕೊನೆಗೆ, "ನಿಂಗೆ ಇಲ್ಲಿ ವರ್ಕ್‌ಶಾಪ್ ಇರೋದು ಬ್ಯಾಡ್ವೇನೋ," ಎಂದರು.

ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. "ಸುಳ್ಳು ಬರೆದು ತಂದ ಕಾಗದ ಇಟ್ಕೊಂಡು ನಾನು ಒಳಗೆ ನಿದ್ದೆ ಮಾಡಕ್ಕಾಗಲ್ಲ. ನಾಳೆ ನಿಜವಾಗಿ ಹೊತ್ಕೊಂಡ್ರೆ ಅವರು ಆ ಸುಳ್ಳನ್ನೇ ತೆಗೆದು ತೋರಿಸ್ತಾರೆ. ಅದೂ ಹೋಗ್ಲಿ. ತಟ್ಟೆ ಹಿಡಿದಿದ್ದವಳು ನಾನು. ನಡೆದೇ ಇಲ್ಲ ಅಂತ ನನ್ನ ಕೈಯಿಂದ ಸಹಿ ಮಾಡಿಸ್ಬೇಡಿ."

ಇವರು ಎದ್ದು ಹೋಗಿ ಏಣಿ ತಂದರು. "ಪಟ್ಟಿ ಕೇಳವ್ರಲ್ಲ. ಬುಕ್ಕು ತಕ್ಕೊಂಡು ಬಾ," ಎಂದರು.

ಮುಂದಿನ ನಾಲ್ಕು ದಿನ ನಮ್ಮ ಸಂಸಾರದ ಒಳ್ಳೆಯ ದಿನಗಳಲ್ಲಿ ಸೇರುತ್ತವೆ. ಇವರು ಏಣಿಯ ಮೇಲೆ, ನಾನು ಕೆಳಗೆ ಮಣೆ ಹಾಕಿಕೊಂಡು. ಸಾಲು, ಜಾಗ, ವಸ್ತು, ಸ್ಥಿತಿ ಎಂದು ನಾಲ್ಕು ಗೀಟು ಎಳೆದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಇವರ ಅಂಗಿಯ ಗ್ರೀಸು ಒಗೆದಿದ್ದೆ, ಅದು ಯಾವುದರಿಂದ ಮೆತ್ತಿಕೊಂಡದ್ದು ಎಂದು ಕೇಳಿರಲಿಲ್ಲ.

"ಮೂರನೇ ಸಾಲು, ಬಲಗಡೆ. ಡೈನಮೋ. ಬರ್ಕೊ."

"ಸ್ಥಿತಿ?"

"ಚೆನ್ನಾಗದೆ. ಪಿರಿಯಾಪಟ್ಟಣದ ರೈಸ್‌ಮಿಲ್ಲಿನೋರ ಜೀಪಿಂದು. ಆ ಜೀಪು ಕೆರೆಗೆ ಬಿದ್ದೋಗಿತ್ತು, ಇದೊಂದು ಒಣಗ್ಕೊಂಡು ಉಳುಕೊಳ್ತು."

"ಅಷ್ಟೆಲ್ಲ ಬರೆಯಕ್ಕೆ ಜಾಗ ಇಲ್ಲ. ಆ ತುಕ್ಕು ಹಿಡಿದಿರೋದು?"

"ಬ್ರೇಕ್ ಡ್ರಮ್ಮು. ಚೆನ್ನಾಗದೆ."

"ತೂತು ಕಾಣ್ತಿದೆಯಲ್ರೀ."

"ನೀನು ಇಂಜಿನಿಯರ್‌ಗಿಂತ ಮುಂಚೆನೇ ಬಂದ್ಬುಟ್ಟಲ್ಲ."

ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. "ನಿಮ್ಮಪ್ಪಂಗೂ ಇಂಗೇಯ. ಕರಕಲಾದ್ ಸೊಪ್ಪುನ್ನೂ ಮೊದಲ್ನೇ ದರ್ಜೆ ಅನ್ನೋನು," ಎಂದರು. ಇವರು ಏಣಿಯ ಮೇಲೆ ನಗುತ್ತ ನಿಂತಿದ್ದು ನೆನಪಿದೆ. ಸುಟ್ಟದ್ದನ್ನು ನೆನೆಯದೆ ಒಂದು ಇಡೀ ಮಧ್ಯಾಹ್ನ ಕಳೆದಿದೆ ಎಂದು ನನಗೆ ಸಂಜೆ ಹಸುವಿಗೆ ನೀರಿಡುವಾಗ ಹೊಳೆಯಿತು.

ಬ್ರೇಕ್ ಡ್ರಮ್ಮನ್ನು ಕೊನೆಗೆ ಗುಜರಿ ಎಂದೇ ಬರೆದೆವು. ಇವರೇ ಹೇಳಿ ಬರೆಸಿದರು.

ಮೈಸೂರಿನಿಂದ ಬಂದ ಇಂಜಿನಿಯರ್ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬಿಲ್ಲು ಕೇಳಿದರು. ಗುಜರಿ ಸಾಮಾನಿಗೆ ಬಿಲ್ಲು ಎಲ್ಲಿಂದ ಬರಬೇಕು? ನಾನು ಪಟ್ಟಿ ಕೊಟ್ಟೆ. ಅವರು ನಡುವೆ ಎಲ್ಲೋ ಬೆರಳಿಟ್ಟು, "ಎರಡನೇ ಸಾಲು, ಎಡಗಡೆ, ರೇಡಿಯೇಟರ್," ಎಂದರು. ಇವರು ಟಾರ್ಚು ಬಿಟ್ಟು ತೋರಿಸಿದರು. ಹಾಗೆ ಏಳೆಂಟು ಕಡೆ ಬೆರಳಿಟ್ಟರು. ಪ್ರತಿ ಸಲವೂ ಅದು ಅಲ್ಲೇ ತೂಗುತ್ತಿತ್ತು. ಗುಜರಿ ಎಂದು ಬರೆದಿದ್ದ ಬ್ರೇಕ್ ಡ್ರಮ್ಮಿನ ಮುಂದೆ ಸ್ವಲ್ಪ ಹೊತ್ತು ನಿಂತರು. "ಇದನ್ನೂ ಬರೆದಿದ್ದೀರಿ," ಎಂದರು.

ಆಮೇಲೆ ಫಾರಂ ತೆರೆದು, "ಬೆಂಕಿ ವಿಷಯ ಹೇಳಿ," ಎಂದರು.

ಅಲ್ಲಿಯವರೆಗೆ ನಾನು ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಬಾಯಲ್ಲಿ ಹೇಳಲು ಬರದೆ ಗುಂಡಿಯ ಅಂಚಿಗೆ ಹೋಗಿ ನಿಂತೆ. ತಟ್ಟೆ ಹೀಗೆ ಹಿಡಿದಿದ್ದೆ, ಡಬ್ಬ ಇಲ್ಲಿತ್ತು, ಸಿಲಿಂಡರ್ ಅಲ್ಲಿ. ಬಗ್ಗಿ ತೋರಿಸಲು ಹೋದವಳು ಅರ್ಧಕ್ಕೇ ನಿಂತುಬಿಟ್ಟೆ. ಅತ್ತೆ ಬಂದು ರಟ್ಟೆ ಹಿಡಿದುಕೊಂಡರು. ಇಂಜಿನಿಯರ್ ಬರೆಯುವುದನ್ನು ನಿಲ್ಲಿಸಿ ನಾನು ಸುಧಾರಿಸಿಕೊಳ್ಳುವವರೆಗೂ ಕಾದರು. ಆಮೇಲೆ ಟೇಪು ಇಳಿಬಿಟ್ಟು ಗುಂಡಿಯ ಆಳ ಅಳೆದರು.

"ಪೆಟ್ರೋಲು, ಥಿನ್ನರ್ ಒಳಗೆ ಇರಬಾರದು. ದೂರ ಒಂದು ಇಟ್ಟಿಗೆ ಗೂಡು ಕಟ್ಟಿಸಿ. ಸಿಲಿಂಡರ್ ಹೊರಗೆ, ಸರಪಣಿ ಹಾಕಿ. ವೈರೆಲ್ಲ ಪೈಪಿನೊಳಗೆ ಹೋಗಲಿ. ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ." ಸ್ವಲ್ಪ ತಡೆದು, "ಈ ಗುಂಡಿ ಮುಚ್ಚಬೇಕು. ಒಲೆಬಾಯಿಯನ್ನೂ ಕಟ್ಟಬೇಕು. ಅದು ಮುಚ್ಚದೆ ನಾನು ಶಿಫಾರಸು ಮಾಡಲಾರೆ," ಎಂದರು.

ಮಿಕ್ಕದ್ದಕ್ಕೆಲ್ಲ ಇವರು ತಲೆಯಾಡಿಸುತ್ತ ಬಂದಿದ್ದರು. ಇದಕ್ಕೆ ಆಡಿಸಲಿಲ್ಲ. ನಾವಿಬ್ಬರೂ ಅತ್ತೆಯ ಕಡೆ ನೋಡಲಿಲ್ಲ. ವಿಮೆ, ವರ್ಕ್‌ಶಾಪು, ಇವರು ಕೊಟ್ಟ ಮಾತು ಎಲ್ಲ ಆ ಗುಂಡಿಯ ಸುತ್ತ ಬಂದು ನಿಂತಿದ್ದವು. ಅತ್ತೆ ಬೇಡ ಎಂದರೆ ಇವರು ಮರುದಿನವೇ ಬೈಪಾಸಿನಲ್ಲಿ ಶೆಡ್ಡು ಹುಡುಕಲು ಹೊರಡುತ್ತಿದ್ದರೇ ಹೊರತು ಅವರ ಎದುರು ಒಂದು ಮಾತೂ ಆಡುತ್ತಿರಲಿಲ್ಲ.

ಅತ್ತೆ ಇನ್ನೂ ನನ್ನ ರಟ್ಟೆ ಬಿಟ್ಟಿರಲಿಲ್ಲ.

"ಮುಚ್ಚುದ್ಮೇಲೆ ಇವ್ನು ಇಲ್ಲೇ ಕೆಲ್ಸ ಮಾಡ್ಬೋದಾ ಸ್ವಾಮಿ?" ಎಂದು ಕೇಳಿದರು.

"ಮಾಡಬಹುದಮ್ಮ."

"ಅಂಗಾದ್ರೆ ಮುಚ್ಸುಲಾ," ಎಂದರು ಮಗನಿಗೆ. "ಸೊಪ್ಪು ಬೇಯ್ಸೋವಾಗ ಒಲೆ ಆರ್ದಂಗೆ ಕಾಯ್ಕೊಂಡಿದ್ದೆ. ಅದಕ್ಕೇ ಕೈ ಮುಗೀತಿದ್ದೆ. ಈಗ ಅಲ್ಲೇನು ಬೇಯ್ತದೆ? ಇವಳು ಬೇಯೋದ್ರಲ್ಲಿ ಇದ್ಲು."

ಅಷ್ಟು ದಿನವೂ ಅವರು ಅದನ್ನೇ ಯೋಚಿಸುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಒಲೆಗೆ ಮೊದಲು ಆರತಿ ಎಂದು ನನ್ನನ್ನು ಅಲ್ಲಿ ನಿಲ್ಲಿಸಿದ್ದು ತಾವೇ ಎಂದು. ನಾನು ನನ್ನ ಕೈಯನ್ನೇ ದೂರಿಕೊಂಡು ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ತಮ್ಮ ಪಾಲನ್ನು ದೂರಿಕೊಳ್ಳುತ್ತಿದ್ದರು. ಅವತ್ತು ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಅದನ್ನು ಮಾತಾಡಿದೆವು. "ನನ್ ಗಂಟೆ ಎಷ್ಟೊತ್ತಿಗೆ ನಿಲ್ತು?" ಎಂದು ಅವರು ಕೇಳಿದರು. ಬೆಂಕಿ ಆರಿದ ಮೇಲೂ ಸ್ವಲ್ಪ ಹೊತ್ತು ಬಾರಿಸುತ್ತಿದ್ದಿರಿ ಎಂದೆ. ಇಬ್ಬರಿಗೂ ನಗು ಬಂತು, ಬೇಗ ನಿಲ್ಲಲಿಲ್ಲ.

ಗಾರೆಯವರು ಎರಡು ದಿನದಲ್ಲಿ ಒಲೆಬಾಯಿ ಕಟ್ಟಿ, ಗುಂಡಿ ತುಂಬಿ, ಮೇಲೆ ಸಿಮೆಂಟು ಎಳೆದರು. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಇನ್ನೊಂದು ಬಾಣಲೆ ಮಣ್ಣು ಹಾಕಿ, ಚೆನ್ನಾಗಿ ದಮ್ಮಸ್ಸು ಹೊಡೆಯಿರಿ ಎಂದು ಅವರನ್ನು ಗೋಳು ಹುಯ್ದುಕೊಂಡರು. ಇವರು ಫೋಟೋ ತೆಗೆದು ಇಂಜಿನಿಯರಿಗೆ ಕಳಿಸಿದರು. ಉತ್ತರ ಬರಲಿಲ್ಲ. ಒಂದು ವಾರ ಹೋಯಿತು, ಇನ್ನೊಂದು ವಾರವೂ. ಇವರು ದಿನಾ ಬೆಳಿಗ್ಗೆ ಬ್ಯಾರನ್ನಿನ ಒಳಗೆ ಒಂದು ಸುತ್ತು ಹಾಕಿ, ಮುಟ್ಟದೆ ಹೊರಗೆ ಬರುತ್ತಿದ್ದರು. ಬೈಪಾಸಿನ ಶೆಡ್ಡಿನವನ ನಂಬರನ್ನು ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದಿಟ್ಟಿದ್ದು ನನ್ನ ಕಣ್ಣಿಗೆ ಬಿತ್ತು.

ಮೂರನೇ ವಾರ ಏಜೆಂಟರು ತಾವೇ ಬೈಕಿನಲ್ಲಿ ಬಂದು ಲಕೋಟೆ ಕೊಟ್ಟರು. "ತಕ್ಕೊಳಿ ಮೇಡಂ. ಹಠ ಸಾಧಿಸ್ಬುಟ್ರಿ," ಎಂದರು. ಪಾಲಿಸಿಯ ಹಿಂದೆ ನನ್ನ ಪಟ್ಟಿಯನ್ನೇ ಟೈಪು ಮಾಡಿ ಲಗತ್ತಿಸಿದ್ದರು. ಇವರು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು, ಪರೀಕ್ಷೆಯಲ್ಲಿ ತಮ್ಮ ನಂಬರು ಹುಡುಕುವವರ ಹಾಗೆ. ಓದಿ ಮಡಿಸಿ ನನ್ನ ಕೈಗೆ ಕೊಟ್ಟು, ವರ್ಕ್‌ಶಾಪಿಗೆ ಹೋಗಿ ವೈಸಿನ ದವಡೆಗಳ ನಡುವೆ ಯಾವುದೋ ಪೈಪು ಬಿಗಿದರು. ಸ್ವಲ್ಪ ಹೊತ್ತಿಗೆ ಅರದ ಸದ್ದು ಕೇಳಿಸಿತು.

ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ವರ್ಕ್‌ಶಾಪಿಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ನಿಂತು ಮೂಸುತ್ತೇನೆ. ಇವರು ಮೊದಮೊದಲು ರೇಗಿಸುತ್ತಿದ್ದರು, ಈಗ ತಾವೂ ಮೂಸುತ್ತಾರೆ.

ಹೋದ ತಿಂಗಳು ಇವರು ಹನಗೋಡಿನಲ್ಲಿ ನಿಂತುಹೋದ ಜೀಪೊಂದನ್ನು ನೋಡಲು ಹೋಗಿದ್ದಾಗ, ಎಚ್.ಡಿ. ಕೋಟೆ ಕಡೆಯ ಒಬ್ಬ ರೈತರು ಸ್ಟಾರ್ಟರ್ ಮೋಟರ್ ಹುಡುಕಿಕೊಂಡು ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಯಜಮಾನರು ಇಲ್ಲ ಎಂದು ಕಳಿಸಲು ಮನಸ್ಸಾಗಲಿಲ್ಲ. ಪಟ್ಟಿ ತೆಗೆದು ನೋಡಿದೆ: ಮೂರನೇ ಸಾಲು, ಎಡಗಡೆ, ಚೆನ್ನಾಗಿದೆ. ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಅದು ಅಲ್ಲೇ ಇತ್ತು.

ಅವರು ಮೋಟರನ್ನು ತಿರುಗಿಸಿ ತಿರುಗಿಸಿ ನೋಡಿ, "ನೀವೂ ಮೆಕ್ಯಾನಿಕ್ಕಾ ಅಮ್ಮಾರೇ?" ಎಂದರು.

"ಇಲ್ಲ, ನಾನು ಪಟ್ಟಿ ಬರೆದವಳು."

ಎಷ್ಟು ಹೇಳಬೇಕೆಂದು ತಿಳಿಯದೆ ಇವರಿಗೆ ಫೋನು ಮಾಡಿದೆ. ಆ ಕಡೆ ಯಾರೋ ಜೀಪು ತಳ್ಳುವ ಗದ್ದಲ.

"ಯಾವ್ದು, ಎಡಗಡೆದಾ?" ಎಂದರು. "ನೀನೇ ಅತ್ತಿ ತೆಗುದ್ಯಾ?"

"ಹೂಂ."

"ಅವ್ರಿಗೆ ಟೀ ಕೊಟ್ಟು ಕೂರ್ಸಿರು, ರೇಟು ನಾನೇ ಬಂದು ಏಳ್ತೀನಿ," ಎಂದರು. "ಆ ಪಟ್ಟೀಲಿ ಅದುಕ್ಕೆ ಗೀಟು ಒಡುದ್ಬುಡು. ಅಲ್ಲಿ ಇಲ್ದೇ ಇರೋದು ಪಟ್ಟೀಲಿ ಅದೆ ಅಂತ ಇರ್ಬಾರ್ದು."